ಭಾವನ ಹಿಂದೆ, ಕೆಂಪು ಗುಡ್ಡಕ್ಕೆ

ಎರಿನ್ ಮಿಲ್ಸ್

ಕೆನಡಾಕ್ಕೆ ಹೊರಟಾಗ ನನ್ನ ಪೆಟ್ಟಿಗೆಯಲ್ಲಿ ನಾಲ್ಕು ಸ್ವೆಟರು, ಎರಡು ಮಂಕಿ ಟೋಪಿ ಮತ್ತು ಉಣ್ಣೆಯ ಕಾಲುಚೀಲಗಳ ಒಂದು ಗಂಟು ಇದ್ದವು. ಬಾಗಲಕೋಟೆಯಲ್ಲಿ ನನ್ನನ್ನು ಬೀಳ್ಕೊಡಲು ಬಂದವರೆಲ್ಲ ಹಿಮದ ಬಗ್ಗೆಯೇ ಮಾತಾಡಿ ಹೆದರಿಸಿದ್ದರು. ನಾನು ಟೊರೊಂಟೊದಲ್ಲಿ ಇಳಿದದ್ದು 2012ರ ಜುಲೈನಲ್ಲಿ. ವಿಮಾನ ನಿಲ್ದಾಣದ ಬಾಗಿಲು ದಾಟಿದ ಕೂಡಲೇ ಮುಖಕ್ಕೆ ಹೊಡೆದ ಝಳ ನಮ್ಮೂರ ಬಸ್ ಸ್ಟ್ಯಾಂಡಿನ ಝಳದಷ್ಟೇ ಪರಿಚಿತವಾಗಿತ್ತು. ಸ್ವೆಟರುಗಳು ಅಕ್ಕನ ಮನೆಯ ಬೇಸ್‌ಮೆಂಟಿನಲ್ಲಿ ಮಲಗಿದವು. ನಾನು ವಾಪಸು ಹೊರಡುವವರೆಗೂ ಅವು ಏಳಲಿಲ್ಲ.

ನಾನು ಹೈಸ್ಕೂಲಿನಲ್ಲಿ ಆಟದ ಟೀಚರಾಗಿ ನಿವೃತ್ತಳಾದವಳು. ಕೊರಳಲ್ಲಿದ್ದ ಸೀಟಿ ಈಗ ಪರ್ಸಿಗೆ ಇಳಿದಿದೆ, ಅಷ್ಟೇ. ಯಾರಾದರೂ ಸಾಲು ಮುರಿದರೆ ಕೈ ತಾನಾಗಿ ಅತ್ತ ಹೋಗುತ್ತದೆ. ಕಬಡ್ಡಿ ಪಂದ್ಯದಲ್ಲಿ ಬೇಕೆಂದೇ ತಪ್ಪು ಸೀಟಿ ಊದಿದ ರೆಫ್ರಿಗಳನ್ನು ಮೈದಾನದಿಂದ ಹೊರಗೆ ಕಳಿಸಿ, ತಾಲ್ಲೂಕಿನ ತುಂಬ ವೈರಿಗಳನ್ನು ಸಂಪಾದಿಸಿದವಳು ನಾನು. ಇಷ್ಟು ಹೇಳಿದರೆ ನನ್ನ ಸ್ವಭಾವ ಓದುಗರಿಗೆ ಗೊತ್ತಾಗಿರಬೇಕು.

ಅಕ್ಕ ಸರೋಜ ಮತ್ತು ಭಾವ ಸದಾನಂದ ಇರುವುದು ಟೊರೊಂಟೊ ಪಕ್ಕದ ಮಿಸಿಸಾಗದ ಎರಿನ್ ಮಿಲ್ಸ್‌ನಲ್ಲಿ. ಭಾವ ಡಾಕ್ಟರು, ಕುಂದಾಪುರದ ಕಡೆಯವರು. ಹುಬ್ಬಳ್ಳಿಯಲ್ಲಿ ಮೆಡಿಕಲ್ ಓದುವಾಗ ನಮ್ಮ ಅಕ್ಕನನ್ನು ಮೆಚ್ಚಿ ಮದುವೆಯಾಗಿ, ಇಲ್ಲಿಗೆ ಬಂದು ನೆಲೆಯೂರಿದವರು. ಪ್ರಾಕ್ಟೀಸು ಬಿಟ್ಟ ಮೇಲೆ ಅವರಿಗೆ ನಡಿಗೆಯೇ ದೇವರಪೂಜೆ. ಶನಿವಾರ ಇಲ್ಲಿನ ಕನ್ನಡದವರ ಪುಟ್ಟ ಗುಂಪನ್ನು ಕಟ್ಟಿಕೊಂಡು ಗುಡ್ಡ ಹತ್ತುತ್ತಾರೆ, ಬುಧವಾರ ಒಬ್ಬರೇ ಹೋಗುತ್ತಾರೆ. ಅಕ್ಕ ಒಂದು ದಿನವೂ ಜೊತೆಗೆ ಹೋದವಳಲ್ಲ. "ಗಿಡಾ ನೋಡಾಕ ಅಷ್ಟು ದೂರ ಯಾಕ ಹೋಗಬೇಕು, ಹಿತ್ತಲದಾಗ ಅದಾವಲ್ಲ" ಎನ್ನುವುದು ಅವಳ ವಾದ.

ಶನಿವಾರ ಬೆಳಿಗ್ಗೆ ರೊಟ್ಟಿ ಕಟ್ಟಿಕೊಡುತ್ತ ಅಕ್ಕ ಅಡುಗೆಮನೆಯ ಬಾಗಿಲು ಮುಂದಕ್ಕೆ ಮಾಡಿದಳು.

"ಸುಮಿ, ಹೋದ ತಿಂಗಳ ಮಾಲ್ಟನ್‌ಗೆ ಸ್ವೀಟ್ ತರಾಕ ಹೋಗಿದ್ರು. ಹೊತ್ತು ಮುಳುಗಿದ್ರೂ ಬರಲಿಲ್ಲ. ಪಾರ್ಕಿಂಗ್ ಲಾಟ್‌ನ್ಯಾಗ ಕಾರ್ ಹುಡುಕ್ಕೋಂತ ನಿಂತಿದ್ರಂತ."

"ಅದು ಎಲ್ಲಾರಿಗೂ ಆಗ್ತೈತಲ್ಲ ಅಕ್ಕ."

"ಆಗ್ತೈತಿ, ಖರೆ. ಆದ್ರ ಮನಿಗೆ ಬರೂ ದಾರೀನೂ ತಪ್ಪಿದ್ರು. ನನಗ ಹೇಳಲಿಲ್ಲ, ಟ್ರಾಫಿಕ್ ಇತ್ತು ಅಂದ್ರು." ಅವಳು ಡಬ್ಬಿಯ ಮುಚ್ಚಳ ಒತ್ತಿದಳು. "ಬುಧವಾರ ಒಬ್ರ ಗುಡ್ಡಕ್ಕ ಹೋಗ್ತಾರ. ಬಿಡಸಬೇಕೋ ಬ್ಯಾಡೋ, ನನಗ ತಿಳಿಯವಲ್ದು. ಗುಂಪಿನವ್ರನ್ನ ಕೇಳಿದ್ರ ‘ಡಾಕ್ಟ್ರು ಸೂಪರ್ ಫಿಟ್’ ಅಂತಾರ. ನೀ ಇವತ್ತು ನೋಡಿ ಬಾ. ನೀ ಹೇಳಿದಂಗ ಮಾಡ್ತೀನಿ."

ಭಾವನಿಗೆ ಆ ಬುಧವಾರ ಎಂದರೆ ಏನು ಎಂದು ನನಗೆ ಗೊತ್ತಿತ್ತು. ಬಂದ ಮೊದಲ ದಿನವೇ ಅವರು ತಮ್ಮ ಊರುಗೋಲನ್ನು ಮಗನ ಮೆಡಲ್ ತೋರಿಸಿದಂತೆ ತೋರಿಸಿದ್ದರು. ಆ ಕೋಲನ್ನು ಅವರ ಕೈಯಿಂದ ಬಿಡಿಸುವ ಕೆಲಸ ನನ್ನ ಪಾಲಿಗೆ ಬರಬಹುದು ಎಂದು ಹೊಳೆದಾಗ ರೊಟ್ಟಿಯ ಡಬ್ಬಿ ಭಾರವೆನಿಸಿತು.

ದೆವ್ವದ ಪೀಠ

ನಾವು ಐದು ಜನ. ಭಾವ, ಅವರ ಹಳೆಯ ಗೆಳೆಯ ಮೈಸೂರಿನ ಪ್ರೊಫೆಸರ್ ರಂಗಸ್ವಾಮಿ, ಬೆಂಗಳೂರಿನ ಸಾಫ್ಟ್‌ವೇರ್ ದಂಪತಿ ಶ್ರೀನಾಥ್ ಮತ್ತು ರಶ್ಮಿ, ಕೊನೆಗೆ ನಾನು. ಒಂದು ಕಡೆಯಿಂದ ಹತ್ತಿ, ಗುಡ್ಡದ ಏಣಿನ ಗುಂಟ ನಡೆದು, ಇನ್ನೊಂದು ಕಡೆ ಇವರೆಲ್ಲ ಕೆಂಪು ಗುಡ್ಡ ಎನ್ನುವ ಜಾಗದ ಹತ್ತಿರ ಇಳಿಯಬೇಕು. ಅದಕ್ಕಾಗಿ ಶ್ರೀನಾಥ್ ತನ್ನ ಕಾರನ್ನು ಮೊದಲೇ ಆ ಕೊನೆಯಲ್ಲಿ ನಿಲ್ಲಿಸಿ ಬಂದಿದ್ದ. ಏರ್ಪಾಡು ಬಹಳ ಜಾಣತನದ್ದು. ಎಲ್ಲರ ದೊಡ್ಡ ನೀರಿನ ಬಾಟಲಿಗಳಿದ್ದ ಐಸ್ ಪೆಟ್ಟಿಗೆಯೂ ಆ ಕಾರಿನಲ್ಲೇ ಹೋಗಿತ್ತು ಎಂಬುದು ನಮಗೆ ಆಮೇಲೆ ತಿಳಿಯಿತು.

ಊಟಕ್ಕೆ ಮಾತ್ರ ಕೊರತೆಯಿರಲಿಲ್ಲ. ರಶ್ಮಿಯ ಪುಳಿಯೋಗರೆ, ಪ್ರೊಫೆಸರ ಮೊಸರನ್ನ, ನಮ್ಮ ರೊಟ್ಟಿ, ಶೇಂಗಾ ಚಟ್ನಿ, ಮೇಲೆ ಬಾಳೆಹಣ್ಣು, ಚಕ್ಕುಲಿ. ಪಕ್ಕದಲ್ಲಿ ಕಾರಿನಿಂದಿಳಿದ ಬಿಳಿಯರ ಕೈಯಲ್ಲಿ ಒಂದೊಂದು ಬಿಸ್ಕತ್ತಿನ ಗಾತ್ರದ ತಿಂಡಿ, ಬೆನ್ನಿನ ಮೇಲೆ ನೀರಿನ ಚೀಲ. ನಾವು ಬೀಗರೂಟಕ್ಕೆ ಹೊರಟವರಂತೆ ಸ್ಟೀಲ್ ಡಬ್ಬಿಗಳ ಸದ್ದು ಮಾಡುತ್ತ ಕಾಡು ಹೊಕ್ಕೆವು.

ಹತ್ತುವ ಜಾಗಕ್ಕೆ ಇಲ್ಲಿಯವರು ಇಟ್ಟ ಹೆಸರನ್ನು ಕನ್ನಡಕ್ಕೆ ತಂದರೆ ದೆವ್ವದ ಪೀಠ. ಹೆಸರಿಗೆ ಮೋಸವಿಲ್ಲ. ಸುಣ್ಣಕಲ್ಲಿನ ಗೋಡೆ ನೆಟ್ಟಗೆ ಎದ್ದಿದೆ, ಹಿಡಿಯಲು ಒಂದು ಉಕ್ಕಿನ ತಂತಿ ಕಟ್ಟಿದ್ದಾರೆ. ನಾನು ಬಾದಾಮಿಯ ಬಂಡೆಗಳಲ್ಲಿ ಮಕ್ಕಳನ್ನು ಹತ್ತಿಸಿದವಳೆಂಬ ಜಂಬದಿಂದ ಶುರುಮಾಡಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಜಂಬ ಕೆಳಗೇ ಉಳಿದಿತ್ತು. ಭಾವ ಮಾತ್ರ ಮೇಕೆಯ ಹಾಗೆ ಹತ್ತಿ ಮೇಲೆ ನಿಂತು, "ಬನ್ನಿ ಬನ್ನಿ, ಎಂತ ಬಾಗಲಕೋಟೆಯವರು ನೀವು" ಎಂದು ನಗುತ್ತಿದ್ದರು. ಕಾಲಿಗೆ ಏನೂ ಆಗಿಲ್ಲ ಎಂದು ನಾನು ಮನಸ್ಸಿನಲ್ಲೇ ಅಕ್ಕನಿಗೆ ವರದಿ ಒಪ್ಪಿಸಿದೆ.

ದಾರಿಯಲ್ಲಿ ಎದುರಾದವರೆಲ್ಲ ನಮಗೆ ಹಾಯ್ ಎನ್ನುತ್ತಿದ್ದರು. ನಮ್ಮಲ್ಲಿ ಗುರುತಿಲ್ಲದವರು ಹೀಗೆ ನಕ್ಕರೆ ಯಾರ ಪೈಕಿ, ಯಾವ ಓಣಿ ಎಂದು ವಿಚಾರಿಸದೆ ಬಿಡುವುದಿಲ್ಲ. ಇಲ್ಲಿ ನಕ್ಕು ಮುಂದೆ ಹೋಗಿಬಿಡುತ್ತಾರೆ. ನಾಯಿ ಹಿಡಿದುಕೊಂಡು ಬಂದ ಒಬ್ಬ ಹೆಂಗಸಿನ ಕೈಯಲ್ಲಿ ಗಂಟು ಹಾಕಿದ ಸಣ್ಣ ಪೊಟ್ಟಣವಿತ್ತು. ಇವಳೂ ಪುಳಿಯೋಗರೆ ತಂದಿದ್ದಾಳೆಂದು ನಾನು ಪ್ರೀತಿಯಿಂದ ನೋಡಿದೆ. ಅದು ನಾಯಿಯ ಪ್ರಸಾದ, ಎತ್ತಿಕೊಂಡು ಹೋಗದಿದ್ದರೆ ಇಲ್ಲಿ ದಂಡ ಎಂದು ರಶ್ಮಿ ಕಿವಿಯಲ್ಲಿ ಹೇಳಿದಳು. ಅದೇ ಹೆಂಗಸು ಪ್ರೊಫೆಸರನ್ನು ನಿಲ್ಲಿಸಿ, ತಂತಿಯನ್ನು ನೀವು ತಪ್ಪಾಗಿ ಹಿಡಿದಿದ್ದೀರಿ, ಬೀಳುತ್ತೀರಿ ಎಂದು ಹಿಡಿಯುವ ರೀತಿ ತೋರಿಸಿದಳು. ಎಪ್ಪತ್ತರ ಪ್ರೊಫೆಸರಿಗೆ ಮುಖದ ಮೇಲೆಯೇ ತಪ್ಪು ಎಂದವಳನ್ನು ನಾನು ಬೆರಗಿನಿಂದ ನೋಡಿದೆ. ಪ್ರೊಫೆಸರು ಥ್ಯಾಂಕ್ಯೂ ಎಂದು ಕೈ ಬದಲಿಸಿಕೊಂಡರು.

ಮೇಲೆ ಕೂತು ಉಂಡೆವು. ಪುಳಿಯೋಗರೆಗೆ ಹುಣಸೆ, ಉಪ್ಪು, ಖಾರ ಎಲ್ಲವೂ ಕೈತುಂಬ ಬಿದ್ದಿದ್ದವು. ಕೈಯಲ್ಲಿದ್ದ ಸಣ್ಣ ಬಾಟಲಿಗಳು ಊಟ ಮುಗಿಯುವ ಮೊದಲೇ ಖಾಲಿಯಾದವು.

"ನೀರು ನಿಮ್ಮ ಬ್ಯಾಗಲ್ಲಿದೆ ಅಂದ್ಕೊಂಡಿದ್ನಲ್ಲ" ಎಂದರು ಪ್ರೊಫೆಸರು.

"ಇಲ್ಲ ಸಾರ್, ಕೂಲರ್ ಅಲ್ವಾ, ಅದು ಆಕ್ಚುಲಿ..." ಎಂದು ಶ್ರೀನಾಥ್ ದೂರದ ಕೆಂಪು ಗುಡ್ಡದ ದಿಕ್ಕಿಗೆ ಕೈ ತೋರಿಸಿದ. ರಶ್ಮಿ ಅವನನ್ನು ನೋಡಿದ ನೋಟವನ್ನು ನಾನು ಬರೆಯುವುದಿಲ್ಲ. ಮದುವೆಯಾದವರಿಗೆ ಗೊತ್ತಿರುತ್ತದೆ.

ನೀಲಿ ಗುರುತು

ಇಲ್ಲಿ ಕಾಡಿನ ದಾರಿಗೆ ಮರದ ಮೇಲೆ ಬಿಳಿ ಬಣ್ಣದ ಪಟ್ಟಿ ಬಳಿದಿರುತ್ತಾರೆ. ಬಿಳಿಯ ಹಿಂದೆ ಹೋದರೆ ಮುಖ್ಯ ದಾರಿ. ಒಂದರ ಮೇಲೊಂದು ಎರಡು ಪಟ್ಟಿ ಕಂಡರೆ ಮುಂದೆ ತಿರುವಿದೆ ಎಂದರ್ಥ. ನೀಲಿ ಪಟ್ಟಿ ಅಡ್ಡದಾರಿಯದು. ಇದನ್ನೆಲ್ಲ ನನಗೆ ಬೆಳಿಗ್ಗೆ ಕಾರಿನಲ್ಲಿ ಕಲಿಸಿದವರು ಭಾವನೇ.

ನಾವು ಸಾಲಾಗಿ ನಡೆಯುತ್ತಿದ್ದೆವು. ಮುಂದೆ ಭಾವ, ಅವರ ಹಿಂದೆ ಪ್ರೊಫೆಸರು, ಶ್ರೀನಾಥ್, ರಶ್ಮಿ, ಕೊನೆಗೆ ಹೊಸಬಳಾದ ನಾನು. ಮದುವೆಮನೆಯ ಪಂಕ್ತಿಯಂತೆ ಹಿರಿತನದ ಪ್ರಕಾರ. ಯಾರೂ ಹೇಳಿ ಮಾಡಿಸಿದ್ದಲ್ಲ. ಭಾವ ಬೂಟಿನ ದಾರ ಕಟ್ಟಲು ಕೂತರೆ ಸಾಲು ಇಡೀ ನಿಲ್ಲುತ್ತಿತ್ತು, ದಾಟಿ ಮುಂದೆ ಹೋಗುವವರು ಒಬ್ಬರೂ ಇರಲಿಲ್ಲ.

ಒಂದು ಕಡೆ ದಾರಿ ಕವಲೊಡೆಯಿತು. ಮರದ ಮೇಲೆ ಎರಡು ಬಿಳಿ ಪಟ್ಟಿ, ಬಲಕ್ಕೆ ತಿರುವು. ನೆಟ್ಟಗೆ ಹೋದದ್ದು ನೀಲಿ. ಭಾವ ತಾವು ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಹಿಮದಲ್ಲಿ ಹೂತ ಕಾರಿನ ಕತೆ ಹೇಳುತ್ತ ನೆಟ್ಟಗೆ ನಡೆದರು.

ಪ್ರೊಫೆಸರು ಮರವನ್ನು ನೋಡಿದರು. ಆಮೇಲೆ ತಮ್ಮ ಬೂಟನ್ನು ನೋಡಿಕೊಂಡರು. ಶ್ರೀನಾಥ್ ಫೋನ್ ತೆಗೆದು ನಕ್ಷೆ ನೋಡಿ, ಏನೂ ಕಾಣದವನಂತೆ ಜೇಬಿಗೆ ಹಾಕಿಕೊಂಡ. ರಶ್ಮಿ ಹಿಂದೆ ತಿರುಗಿ ನನ್ನನ್ನು ನೋಡಿದಳು. ನಾನು ಪರ್ಸಿನಲ್ಲಿ ಕೈ ಹಾಕಿ ಸೀಟಿಯನ್ನು ಹಿಡಿದುಕೊಂಡೆ. ಊದಲಿಲ್ಲ. ಊದಿದರೆ ಭಾವನ ಬುಧವಾರ ಹೋಗುತ್ತದೆ. ಇನ್ನೊಂದು ತಿರುವಿನಲ್ಲಿ ಅವರಿಗೇ ತಿಳಿದೀತು, ಕತೆಯ ಗುಂಗಿನಲ್ಲಿ ಯಾರಿಗಾದರೂ ಹೀಗಾದೀತು ಎಂದು ಸಮಾಧಾನ ಮಾಡಿಕೊಂಡು ನಾನೂ ನಡೆದೆ. ತಪ್ಪೆಂದು ಗೊತ್ತಿದ್ದೂ ನಾಲ್ವರು ವಿದ್ಯಾವಂತರು ಒಬ್ಬರ ಹಿಂದೆ ಗೌರವದಿಂದ ದಾರಿ ತಪ್ಪಿದೆವು.

ಕಾಡು ಮುಗಿದು ಬಯಲು ಬಂತು. ಎದುರಿಗೆ ಯಾವುದೋ ಹೊಲದ ತಂತಿಬೇಲಿ, ಕತ್ತರಿಸಿದ ಹುಲ್ಲಿನ ಸುರುಳಿಗಳು, ನೆತ್ತಿಯ ಮೇಲೆ ಬಿಸಿಲು. ಭಾವ ನಿಂತರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು.

"ಇಲ್ಲಿ ಒಂದು ಮರದ ಸಂಕ ಇರ್ಬೇಕಿತ್ತಲ್ಲ" ಎಂದು ಕಾಲುಸೇತುವೆಗಾಗಿ ಹುಡುಕಿದರು.

"ಹಾದಿ ಬದಲಾಯಿಸಿರ್ಬೇಕು ಡಾಕ್ಟ್ರೆ" ಎಂದರು ಪ್ರೊಫೆಸರು.

"ಹೌದು ಸಾರ್, ರೀಸೆಂಟಾಗಿ ಏನೋ ಚೇಂಜ್ ಮಾಡಿದಾರೆ ಅನ್ಸತ್ತೆ" ಎಂದ ಶ್ರೀನಾಥ್.

ಭಾವ ಅದನ್ನು ನಂಬಲು ಹೊರಟರು. ಅವರ ಮುಖದಲ್ಲಿ ಮೂಡಿದ ನಿರಾಳ ನನಗೆ ನೋಡಲಾಗಲಿಲ್ಲ. ನಾನು ಸೀಟಿ ಊದಿಯೇಬಿಟ್ಟೆ. ಹೊಲದಾಚೆಯ ಹಸುಗಳೂ ತಲೆಯೆತ್ತಿದವು.

"ಭಾವ, ಹಾದಿ ಯಾರೂ ಬದಲಿ ಮಾಡಿಲ್ಲ. ಬಿಳಿ ಗುರುತು ಹಿಂದ ಬಲಕ್ಕ ಹೊಳ್ಳೈತಿ. ನಾವು ನೀಲೀದು ಬೆನ್ನ ಹತ್ತಿ ಬಂದೀವಿ."

"ನೀನು ಕಂಡಿದ್ದಿಯಾ?"

"ಕಂಡಿದ್ದೆ."

ಅವರು ಉಳಿದವರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಪ್ರೊಫೆಸರು ಬೇಲಿಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದರು. "ಇದು ಮೊದಲ ಸಲ ಅಲ್ಲ ಅಲ್ವಾ?" ಎಂದು ಭಾವ ಕೇಳಿದರು.

ಕೊನೆಗೆ ರಶ್ಮಿ, "ಅಲ್ಲ ಅಂಕಲ್" ಎಂದಳು. "ಲಾಸ್ಟ್ ಇಯರಿಂದ. ನಾವೇ ಹೇಗೋ ಸುತ್ತಾಕ್ಕೊಂಡು ಸರಿ ದಾರಿಗೆ ಬರ್ತಿದ್ವಿ. ನಿಮಗೆ ಬೇಜಾರಾಗತ್ತೆ ಅಂತ..."

"ದಾರಿ ತಪ್ಪಿದ್ದು ದೊಡ್ಡದಲ್ಲ ಮಾರಾಯ್ರೆ" ಎಂದರು ಭಾವ. "ನಾನು ನಿಮಗೆ ದಾರಿ ತೋರಿಸ್ತಾ ಇದ್ದೇನೆ ಅಂತ ಎಣಿಸಿದ್ದೆ. ಅಷ್ಟೇ."

ಕೋಲನ್ನು ಊರಿಕೊಂಡು ಅವರು ಬಂದ ದಾರಿಯಲ್ಲೇ ಹಿಂದಿರುಗಿದರು. ಕತೆಯಲ್ಲಿ ಹಿಮದಲ್ಲಿ ಹೂತಿದ್ದ ಕಾರನ್ನು ಆ ದಿನ ಯಾರೂ ಹೊರಗೆ ತೆಗೆಯಲಿಲ್ಲ.

ಕೆಂಪು ಗುಡ್ಡ

ಬಿಳಿ ಗುರುತು ಹಿಡಿದು ನಡೆದದ್ದು ಸಾಕಷ್ಟು ದೂರ. ನಾಲಿಗೆ ಒಣಗಿ ಅಂಗುಳಿಗೆ ಅಂಟಿತ್ತು. ಪುಳಿಯೋಗರೆ ಹೊಟ್ಟೆಯೊಳಗೆ ಕೂತು ನೀರು ನೀರು ಎನ್ನುತ್ತಿತ್ತು. ಆಮೇಲೆ ಮರಗಳು ಒಮ್ಮೆಲೇ ಮುಗಿದವು. ಎದುರಿಗೆ ಇದ್ದದ್ದು ಒಂದು ಮರುಭೂಮಿ.

ನಾನು ಸುಳ್ಳು ಹೇಳುತ್ತಿಲ್ಲ. ಸುತ್ತಲೂ ಹಸಿರು ತೋಟ, ಹೊಲ, ಮೇಪಲ್ ಮರ. ನಡುವೆ ಒಂದು ಹುಲ್ಲುಕಡ್ಡಿಯಿಲ್ಲದೆ, ಕೆಂಪಗೆ, ಗುಬ್ಬು ಗುಬ್ಬಾಗಿ ಎದ್ದ ಬೋಳು ಏಣುಗಳು. ಈಗ ಅಲ್ಲಿ ಬೇಲಿ ಹಾಕಿದ್ದಾರಂತೆ, ಆಗ ಯಾರು ಬೇಕಾದರೂ ಹತ್ತಬಹುದಿತ್ತು. ನನಗೆ ಬಾದಾಮಿಯೇ ಕಣ್ಣಿಗೆ ಬಂತು. ಆದರೆ ಬಾದಾಮಿಯದು ಕಲ್ಲು, ಮಾತಿಗೆ ನಿಲ್ಲುತ್ತದೆ. ಇಲ್ಲಿಯದು ಕಲ್ಲಿನ ವೇಷ ಹಾಕಿದ ಜೇಡಿ. ಕಾಲಿಟ್ಟರೆ ಪುಡಿಯಾಗಿ ಬೂಟಿನಡಿ ಗೋಲಿಯಂತೆ ಉರುಳುತ್ತದೆ.

ಉಳಿದವರು ಅಂಚಿನ ಕಾಲುದಾರಿ ಹಿಡಿದರು. ಭಾವ ಮಾತ್ರ ಯಾರಿಗೂ ಹೇಳದೆ ನೆಟ್ಟಗೆ ಏಣನ್ನೇ ಹತ್ತಿದರು. ನಾನು ಅವರ ಹಿಂದೆ ಹೋದೆ. ಏಣಿನ ಅಗಲ ಎತ್ತಿನ ಬೆನ್ನಿನಷ್ಟು, ಎರಡೂ ಕಡೆ ಮಳೆನೀರು ಕೊರೆದ ಕೊರಕಲು. ಹತ್ತುವಾಗ ಕೈ ಊರಿದೆ, ಇಳಿಯುವಾಗ ಕೂತು ಜಾರಿದೆ. ಒಂದು ಗುಬ್ಬು ಮುಗಿದರೆ ಇನ್ನೊಂದು, ಎಲ್ಲವೂ ಒಂದೇ ತಾಯಿಯ ಮಕ್ಕಳ ಹಾಗೆ. ಕೆಳಗಿನಿಂದ ಮಣ್ಣಿನ ಕಾವು, ಮೇಲಿನಿಂದ ಬಿಸಿಲು. ನೆರಳೆಂಬುದು ನಮ್ಮಿಬ್ಬರದ್ದು ಮಾತ್ರ.

"ಇಲ್ಲಿ ಮೊದಲು ಒಳ್ಳೆ ಹುಲ್ಲಿತ್ತು, ಗೊತ್ತುಂಟಾ" ಎಂದರು ಭಾವ ಮುಂದೆ ನಡೆಯುತ್ತಲೇ. "ರೈತರು ದನ ಮೇಯಿಸಿ ಮೇಯಿಸಿ ಹುಲ್ಲಿನ ಬೇರು ಹೋಯ್ತು. ಮೇಲಿನ ಮಣ್ಣು ಮಳೆಗೆ ತೊಳೆದುಹೋಯ್ತು. ಅಡಿಯ ಈ ಕೆಂಪು ಹಾಗೇ ಬಯಲಾಯ್ತು. ನೋಡು, ಅಲ್ಲಲ್ಲಿ ಹಸಿರು ಗೆರೆ ಕಾಣ್ತದಲ್ಲ, ಅದು ಕಬ್ಬಿಣದ ಅಂಶ ಬದಲಾದದ್ದು." ಒಂದಕ್ಷರ ತಡವರಿಸಲಿಲ್ಲ. ನೂರು ವರ್ಷದ ಹಿಂದಿನ ದನಗಳು ಅವರಿಗೆ ಸ್ಪಷ್ಟವಾಗಿ ನೆನಪಿದ್ದವು.

ಎಲ್ಲಕ್ಕಿಂತ ಎತ್ತರದ ಗುಬ್ಬಿನ ಮೇಲೆ ಹೋಗಿ ನಿಂತರು. ನಾನು ಏದುಸಿರು ಬಿಡುತ್ತ ಸೇರಿದೆ. ಅಲ್ಲಿಂದ ರಸ್ತೆ ಕಾಣುವುದಿಲ್ಲ, ಎತ್ತ ನೋಡಿದರೂ ಕೆಂಪು ಬೆನ್ನುಗಳೇ. ಭಾವ ಒಂದು ಸುತ್ತು ತಿರುಗಿದರು. ಇನ್ನೊಂದು ಸುತ್ತು ತಿರುಗಿದರು. ನಾನು ಬಾಯಿ ಬಿಡಬೇಕೋ ಬೇಡವೋ ತಿಳಿಯದೆ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದೆ.

"ಸುಮಂಗಲಾ" ಎಂದರು. "ಕಾರು ಯಾವ ಬದಿಗೆ ಉಂಟು?"

ನಾನು ಅವರನ್ನು ಬಲ್ಲ ಇಷ್ಟು ವರ್ಷಗಳಲ್ಲಿ ಅವರು ಯಾರನ್ನೂ ದಾರಿ ಕೇಳಿದ್ದನ್ನು ಕಂಡಿರಲಿಲ್ಲ. ಮುಷ್ಟಿಯಲ್ಲಿದ್ದ ಸೀಟಿಯನ್ನು ಪರ್ಸಿಗೆ ಹಾಕಿದೆ.

"ಎಡಕ್ಕ, ಭಾವ."

"ಸರಿ. ನೀನು ಮುಂದೆ ನಡಿ. ಆದರೆ ಬೀಳಬೇಡ, ನಿನ್ನನ್ನು ಹೊರುವುದು ನನ್ನಿಂದಾಗ."

ಕಾರಿನ ಹತ್ತಿರ ಪ್ರೊಫೆಸರು ಐಸ್ ಪೆಟ್ಟಿಗೆಯ ಮುಂದೆ ಕೈಕಟ್ಟಿ ನಿಂತಿದ್ದರು. ಯಾರೂ ಬಾಟಲಿ ಮುಟ್ಟಿರಲಿಲ್ಲ. ಡಾಕ್ಟರು ಬರುವ ಮೊದಲು ಕುಡಿಯುವುದು ಹೇಗೆ ಎಂದು ಅಷ್ಟು ನೀರಡಿಕೆಯಲ್ಲೂ ಕಾದಿದ್ದರು.

"ಡಾಕ್ಟ್ರೆ, ನಮ್ಮದು ತಪ್ಪಾಯ್ತು" ಎಂದರು ಪ್ರೊಫೆಸರು.

"ಮೊದಲು ನೀರು ಕುಡೀರಿ ಮಾರಾಯ್ರೆ, ಇಲ್ಲಿ ಸತ್ರೆ ನನಗೆ ಸರ್ಟಿಫಿಕೇಟ್ ಬರೆಯುವ ಲೈಸೆನ್ಸ್ ಇಲ್ಲ ಈಗ" ಎಂದರು ಭಾವ. ಎಲ್ಲರೂ ನಕ್ಕು ಬಾಟಲಿಗಳಿಗೆ ಕೈಹಾಕಿದೆವು. ಅಷ್ಟು ರುಚಿಯಾದ ನೀರನ್ನು ನಾನು ಅಲ್ಲಿಯವರೆಗೆ ಕುಡಿದಿರಲಿಲ್ಲ.

ಮತ್ತೆ ಎರಿನ್ ಮಿಲ್ಸ್

ಅಕ್ಕ ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿದಳು. ದಾರಿಯುದ್ದಕ್ಕೂ ನಾನು ಏನು ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದೆ. ಬಾಯಿ ತೆರೆಯುವ ಮೊದಲೇ ಭಾವ ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚುತ್ತ ಮಾತು ತೆಗೆದರು.

"ಸರೋಜಾ, ಇವತ್ತು ನಾನು ದಾರಿ ತಪ್ಪಿದೆ. ಮೊದಲೂ ತಪ್ಪಿದ್ದೇನೆ. ಮಾಲ್ಟನ್ನಿಂದ ಬರುವಾಗ ಟ್ರಾಫಿಕ್ ಇರಲಿಲ್ಲ."

ಅಕ್ಕ ಅವರ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತಳು. ಬೂಟಿನಿಂದ ಕೆಂಪು ಮಣ್ಣು ಅವಳು ಒರೆಸಿದ ನೆಲಕ್ಕೆ ಬಿತ್ತು, ಅವಳು ಸುಮ್ಮನಿದ್ದಳು. ಅದು ಅವಳ ಸಂಸಾರದಲ್ಲಿ ಸಣ್ಣ ಸಂಗತಿಯಲ್ಲ.

"ನಾಡಿದ್ದು ನಮ್ಮ ಡಾಕ್ಟರನ್ನು ಕಾಣುವ, ಟೆಸ್ಟ್ ಮಾಡಲಿ" ಎಂದರು ಭಾವ. "ಬುಧವಾರ ಒಬ್ಬನೇ ಹೋಗುವುದಿಲ್ಲ. ಆದರೆ ಬಿಡುವುದೂ ಇಲ್ಲ. ನೀನು ಬಾ ನನ್ನ ಒಟ್ಟಿಗೆ."

ಅಕ್ಕ ಅವರ ಬಿಚ್ಚಿದ ಬೂಟನ್ನು ತಿರುಗಿಸಿ ನೋಡಿದಳು. ಆಮೇಲೆ, "ನನಗ ಬೂಟಿಲ್ಲ" ಎಂದಳು.

ಮರುದಿನ ಮೂವರೂ ಎರಿನ್ ಮಿಲ್ಸ್‌ನ ದೊಡ್ಡ ಮಾಲಿಗೆ ಹೋದೆವು. ಅಕ್ಕ ಅಂಗಡಿಯ ಬೂಟುಗಳೆಲ್ಲ ಗಂಡಸರದ್ದೆಂದು ಜಗಳವಾಡಿ, ಕೊನೆಗೆ ನೇರಳೆ ಬಣ್ಣದ ಒಂದು ಜೊತೆ ಆರಿಸಿದಳು. ಊರಿಗೆ ಹೊರಡುವ ದಿನ ನಾನು ನನ್ನ ಸೀಟಿಯನ್ನು ಅವಳ ಕೊರಳಿಗೆ ಹಾಕಿ, ನಿಯಮ ಹೇಳಿಕೊಟ್ಟೆ. ತಪ್ಪಿದರೆ ಊದಬೇಕು. ಊದಿದರೆ ಭಾವ ನಿಲ್ಲಬೇಕು. ಸುಮ್ಮಸುಮ್ಮನೆ ಊದಬಾರದು. ಇಬ್ಬರೂ ಹೈಸ್ಕೂಲಿನ ಮಕ್ಕಳಂತೆ ತಲೆಯಾಡಿಸಿದರು.

ಬಾಗಲಕೋಟೆ

ಊರಿಗೆ ಬಂದ ಮೇಲೆ ಬುಧವಾರದ ವರದಿ ಫೋನಿನಲ್ಲಿ ತಪ್ಪದೆ ಬರುತ್ತಿತ್ತು. ಎಲೆಗಳು ಕೆಂಪಾದವಂತೆ, ಅಕ್ಕನ ಕಾಲಿಗೆ ಬೊಬ್ಬೆ ಎದ್ದವಂತೆ, ಡಾಕ್ಟರು ಗುಳಿಗೆ ಕೊಟ್ಟಿದ್ದಾರಂತೆ, ಗುಣವಾಗುವ ಕಾಯಿಲೆ ಅಲ್ಲವಂತೆ. ಕೊನೆಯದನ್ನು ಅವಳು ಬೊಬ್ಬೆಯ ಮಾತಿನ ಜೊತೆಗೇ ಸೇರಿಸಿ ಹೇಳಿ ಮುಂದಕ್ಕೆ ಹೋಗಿದ್ದಳು. ಒಂದು ಸಲ ಮಾತ್ರ ಅವಳ ದನಿಯಲ್ಲಿ ನಗು ಇತ್ತು.

"ಇವತ್ತು ಎರಡು ಸಲ ಊದಿದೆ" ಎಂದಳು.

"ಎರಡು ಸಲ ತಪ್ಪಿದ್ರೇನು?"

"ಇಲ್ಲ, ಒಂದ ಸಲ. ಎರಡನೇದಕ್ಕ ಅವರದ ಖರೆ ಇತ್ತು. ನನಗ ತಿಳೀದ ಊದಿಬಿಟ್ಟೆ."

"ನಿಂತ್ರೇನು?"

"ನಿಂತ್ರು. ಮರಾ ನೋಡಿದ್ರು, ಗುರುತು ನೋಡಿದ್ರು. ಹೊಳ್ಳಿ ನಿಂತು, ‘ಇಲ್ಲ ಸರೋಜಾ, ಈ ಸಲ ನಾನೇ ಸರಿ’ ಅಂದ್ರು. ಎಷ್ಟು ಖುಷಿ ಆಗಿದ್ರು ಸುಮಿ. ಮನಿಗೆ ಬಂದ ಮ್ಯಾಲೂ ಅದ ಮಾತು, ಉಣ್ಣುವಾಗೂ ಅದ ಮಾತು." ಅವಳು ದನಿ ತಗ್ಗಿಸಿದಳು. "ಬರೂ ಬುಧವಾರ ಒಂದು ಸಲ ಬೇಕಂತನ ಸುಳ್ಳು ಊದಲೇನು?"

ನಾನು ನೌಕರಿಯುದ್ದಕ್ಕೂ ಸುಳ್ಳು ಸೀಟಿಯ ರೆಫ್ರಿಗಳನ್ನು ಮೈದಾನದಿಂದ ಹೊರಗೆ ಕಳಿಸಿದವಳು.

"ಊದು" ಎಂದೆ.